ಶಬ್ದ ಮಾಡದ ಕಡಲು

ವಿಮಾನ ಬೀಳಬಹುದಿತ್ತು. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಯಾಕೆಂದರೆ ನನ್ನ ತಲೆಯೊಳಗೆ ಅದು ದಿನಾ ಬೀಳುತ್ತಿತ್ತು. ವಿಮಾನ ಬೀಳದಿದ್ದರೆ, ಬಸ್ಸು ಸಾಸ್ತಾನದ ಟೋಲಿನಲ್ಲಿ ಕೆಟ್ಟು ನಿಂತು ವಿಮಾನವೇ ತಪ್ಪಬಹುದಿತ್ತು. ಬೆಂಗಳೂರಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವಾಗ ಗುಂಪು ಒಡೆದು, ಅರ್ಧ ಜನ ಕೊಲಂಬೊಗೂ ಉಳಿದರ್ಧ ದೇವರಿಗೇ ಗೊತ್ತಿದ್ದಲ್ಲಿಗೂ ಹೋಗಬಹುದಿತ್ತು. ಹೊಟ್ಟೆ ಕೆಡಬಹುದಿತ್ತು. ಗಂಗೊಳ್ಳಿಯ ಡೀಲರ್ ಕುಡಿದು ಈಜುಕೊಳಕ್ಕೆ ಹಾರಬಹುದಿತ್ತು. ನೀರು ಕಡಿಮೆಯಿರುವ ಬದಿಯಲ್ಲೇ ಹಾರಬಹುದಿತ್ತು. ಡೆಂಗ್ಯೂ, ಹಾವು, ಬಂದ್, ಭೂಕಂಪ. ಲಿಫ್ಟು ನಡುವೆ ನಿಲ್ಲಬಹುದಿತ್ತು. ಬಾಗಿಲು ಬಡಿದರೂ ಯಾರೋ ಏಳದೇ ಇರಬಹುದಿತ್ತು... ಎಲ್ಲಕ್ಕಿಂತ ಮಿಗಿಲಾಗಿ, ನಮ್ಮವರಲ್ಲಿ ಯಾರನ್ನಾದರೂ ಕಡಲು ಎಳೆದುಕೊಳ್ಳಬಹುದಿತ್ತು.

ಇದರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬಹಳ ಸಣ್ಣದು. ನನ್ನ ಭಯದ ಬಲೆಯ ಕಣ್ಣುಗಳಿಂದ ನುಸುಳಿ ಹೋಗುವಷ್ಟು ಸಣ್ಣದು.

ಮೊನ್ನೆ ಅಟ್ಟದಿಂದ ಹಳೆಯ ಸೂಟ್‌ಕೇಸ್ ಇಳಿಸುವಾಗ ಕೈಗೆ ಏನೋ ಒರಟಾಗಿ ತಾಗಿತು. ಹಿಡಿಕೆಗೆ ಸುತ್ತಿ ಗಂಟು ಹಾಕಿದ ಹಸಿರು ನೈಲಾನ್ ಹುರಿ. ಮೂಗಿನ ಹತ್ತಿರ ಹಿಡಿದೆ. ಬಿಸಿಲಿಗಿಟ್ಟ ಪ್ಲಾಸ್ಟಿಕ್ ಕೊಡಪಾನದಂಥ ವಾಸನೆ, ಅದರ ಹಿಂದೆ ಚೂರು ಉಪ್ಪು, ಚೂರು ಸೀಮೆಎಣ್ಣೆ. ಹೊಸ ಬಲೆಯ ವಾಸನೆ ಅದು. ಬೈಂದೂರಿನ ಬಲೆ ಅಂಗಡಿಯವರು ನನ್ನ ಆಫೀಸಿನೊಳಗೆ ಬಂದರೆ ಅವರಿಗಿಂತ ಮೊದಲು ಬರುತ್ತಿದ್ದದ್ದು, ಹೋದ ಮೇಲೂ ಕುರ್ಚಿಯಲ್ಲಿ ಕೂತೇ ಇರುತ್ತಿದ್ದದ್ದು.

ಕುಂದಾಪುರದ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್ ಆಫೀಸಿದೆ. ಮುಂಬೈಯ ಬಸ್ಸು, ಗಲ್ಫಿನ ಟಿಕೆಟು, ಅದರ ನಡುವೆ ವರ್ಷಕ್ಕೆ ಒಂದೆರಡು ಕಂಪನಿಗಳ ಡೀಲರ್ ಪ್ರವಾಸ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿ ತನ್ನ ಖರ್ಚಿನಲ್ಲಿ ವಿದೇಶ ಸುತ್ತಿಸಿ ತರುತ್ತದೆ. ಎಲ್ಲಿಗೆ ಎಂದು ಆರಿಸಿಕೊಡುವುದು ನನ್ನ ಕೆಲಸ. ಊಟಕ್ಕೆ ಯಾವ ಹೋಟೆಲಿಗೆ ಹೋಗುವುದೆಂದು ತೀರ್ಮಾನಿಸಲಾಗದೆ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರು ಸುತ್ತುವ ಮನುಷ್ಯನಿಗೆ ಇಂಥ ಕಸುಬು!

ಆ ವರ್ಷ ಬಂದದ್ದು ಬಲೆ ಮತ್ತು ಹಗ್ಗ ತಯಾರಿಸುವ ಒಂದು ಕಂಪನಿಯ ಕೆಲಸ. ಮ್ಯಾನೇಜರು ಮುಂಬೈಯಿಂದ ಫೋನು ಮಾಡಿ, ಈ ಸಲ ಗಂಡ ಹೆಂಡತಿ ಇಬ್ಬರಿಗೂ ಟಿಕೆಟು, 'ಟ್ರಾಪಿಕಲ್' ಜಾಗವೇ ಆಗಬೇಕು ಎಂದರು. ಹಾಗೆಂದರೆ ಏನೇನಿರಬೇಕು ಸರ್ ಎಂದು ಕೇಳಿದೆ. ಮರಳು, ತೆಂಗಿನಮರ, ಕಡಲು, ತಾಜಾ ಮೀನು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಡೀಲರುಗಳಿಗೆ ತೆಂಗಿನಮರ ತೋರಿಸಲಿಕ್ಕೆ ನಾನೀಗ ಸಮುದ್ರ ದಾಟಬೇಕಿತ್ತು.

ಹೊರಡುವುದೂ ಜೂನ್ ತಿಂಗಳಲ್ಲೇ. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದ ಮೇಲಿನ ಕೆಲವು ದಿನ ಬಿಟ್ಟರೆ ಬಲೆ ಅಂಗಡಿಯವರಿಗೆ ಬಿಡುವಿಲ್ಲ. ಜುಲೈ ಬಂತೆಂದರೆ ದೋಣಿಯವರೆಲ್ಲ ಹೊಸ ಬಲೆಗೆ ಮುಗಿಬೀಳುತ್ತಾರೆ. ಆದರೆ ಜೂನಿನಲ್ಲಿ ನಮ್ಮ ಕಡಲಿಗೆ ಹುಚ್ಚು ಹಿಡಿದಿರುವಾಗ ಅರ್ಧ ಪ್ರಪಂಚದ ಕಡಲಿಗೂ ಅದೇ ಹುಚ್ಚು.

ಡೀಲರುಗಳನ್ನು ಆಫೀಸಿಗೆ ಕರೆದು ಚಾ ಕೊಟ್ಟೆ. ಗಂಗೊಳ್ಳಿಯವರು ಶುರುಮಾಡಿದರು.

"ಬ್ಯಾಂಕಾಕ್ ಮಾಡಿ ಮರಾಯ್ರೆ. ಸುಮ್ನೆ ತಲೆ ಬಿಸಿ ಎಂತಕೆ?"

"ಈ ಸಲ ಹೆಂಡ್ತಿಯರೂ ಬತ್ರ್, ನೆನ್ಪಿತ್ತಲ್ದಾ?" ಎಂದೆ.

"ಓ... ಹಂಗಾರೆ ಬ್ಯಾಡ. ಧರ್ಮಸ್ಥಳಕ್ಕೇ ಹೋಪ."

ಎಲ್ಲರೂ ನಕ್ಕರು. ಒಬ್ಬರಿಗೆ ಕುಚಲಕ್ಕಿ ಅನ್ನ ಬೇಕು, ಒಬ್ಬರಿಗೆ ಶಾಪಿಂಗು. ಬಲೆ ಅಂಗಡಿಯವರು ಮಾತ್ರ ಮೂಲೆಯ ಕುರ್ಚಿಯಲ್ಲಿ ಮಾತಿಲ್ಲದೆ ಕೂತಿದ್ದರು. ಕೈಯಲ್ಲಿ ಹಸಿರು ಹುರಿಯ ಒಂದು ತುಂಡು. ಗಂಟು ಹಾಕುವುದು, ಬಿಚ್ಚುವುದು. ಅರವತ್ತು ದಾಟಿದ್ದ ಮನುಷ್ಯ. ಯಡ್ತರೆಯಲ್ಲಿ ಮನೆ, ಬೈಂದೂರಿನಲ್ಲಿ ಅಂಗಡಿ. ನನ್ನ ಮಹಡಿಯ ಮೆಟ್ಟಿಲು ಹತ್ತುವಾಗ ಅವರು ನಡುವೆ ಒಮ್ಮೆ ನಿಲ್ಲುತ್ತಿದ್ದರು. ಹೆಜ್ಜೆ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು... ಮತ್ತೆ ಶುರುವಾಗುವವರೆಗೆ ಒಳಗೆ ಕೂತ ನಾನೂ ಉಸಿರು ಹಿಡಿದಿರುತ್ತಿದ್ದೆ.

ಎಲ್ಲರೂ ಇಳಿದು ಹೋದ ಮೇಲೆ ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹ್ವಾಯ್, ಒಂದ್ ಕೇಂತೆ. ನೆಗಾಡುಕಾಗ. ನೀವ್ ಹೇಳ್ತಿಪ್ಪ ಜಾಗದಂಗೆ ಕಡ್ಲ್ ಶಬ್ದ ಮಾಡತ್ತಾ?"

ನನಗೆ ಅರ್ಥವಾಗಲಿಲ್ಲ. ಅವರು ಮೆಲ್ಲಗೆ ಬಿಡಿಸಿ ಹೇಳಿದರು. ಅವರ ಹೆಂಡತಿಗೆ ಒಬ್ಬನೇ ತಮ್ಮನಿದ್ದ. ಮಳೆಗಾಲದಲ್ಲಿ ನಾಡದೋಣಿ ಹತ್ತಿ ಹೋದವನು ಬರಲಿಲ್ಲ. ಇವರ ಮದುವೆಯಾದ ಹೊಸತರಲ್ಲಿ ನಡೆದದ್ದು. ಆಮೇಲೆ ಆಕೆ ಕಡಲ ಬದಿಗೆ ಹೋದವರಲ್ಲ. ಮಳೆ ಹಿಡಿದು ಕಡಲು ಮೊರೆಯತೊಡಗಿದರೆ ಯಡ್ತರೆಯ ಮನೆಯವರೆಗೂ ಆ ಸದ್ದು ಬರುತ್ತದೆ. ಆಗ ಆಕೆ ಕಿಟಕಿಯ ಹತ್ತಿರ ಕೂತು ಸುಮ್ಮನೆ ಕೇಳುತ್ತಿರುತ್ತಾರೆ.

"ಕಿವಿ ಮುಚ್ಕಂತಿಲ್ಲೆ, ಅಳುದೂ ಇಲ್ಲೆ. ಕೇಂತಾ ಕೂಕಂತ್ಳ್, ಅಷ್ಟೇ. ಅದ್ ಕಂಡ್ರೇ ನಂಗ್ ಹೆದ್ರಿಕಿ," ಎಂದರು. "ಶಬ್ದ ಮಾಡ್ದೆ ಇಪ್ಪ ಕಡ್ಲ್ ಅಂಬುದ್ ಎಲ್ಲಾರೂ ಒಂದ್ ಇರ್ಕಲ್ದಾ? ಅದ್ರ್ ಬದಿಯಂಗೆ ಅವ್ಳನ್ನ್ ಕೂರ್ಸಿ, ಒಂದ್ ಸಲ ನೆಗಾಡುದ್ ಕಾಣ್ಕ್ ನಂಗ್."

ಈ ಸಲ ಕಷ್ಟ, ಮುಂದಿನ ವರ್ಷ ನೋಡೋಣ ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಬಪ್ಪ ವರ್ಷ ಅಲ್ಲ," ಎಂದರು. "ಈ ವರ್ಷವೇ ಆಯ್ಕ್."

ಯಾಕೆ ಎಂದು ಕೇಳಲಿಲ್ಲ. ಕೇಳದಿದ್ದರೆ ಉತ್ತರ ಇರುವುದಿಲ್ಲ ಎಂದು ನಂಬಿ ಬದುಕುವವರಲ್ಲಿ ನಾನೂ ಒಬ್ಬ. ಅವರು ಇಳಿದು ಹೋಗುವಾಗಲೂ ಮೆಟ್ಟಿಲ ನಡುವೆ ಹೆಜ್ಜೆ ನಿಂತಿತು. ಇಳಿಯುವಾಗ ಯಾರೂ ನಿಲ್ಲುವುದಿಲ್ಲ, ಅಲ್ಲವೇ...

ಹೀಗೆ ನಾನು ಮೂಕ ಕಡಲೊಂದನ್ನು ಹುಡುಕಲು ಹೊರಟೆ. ಆಗ ತಿಳಿದದ್ದು, ಲೋಕದ ಹೋಟೆಲಿನವರೆಲ್ಲ ಮಾರುವುದು ಕಡಲಿನ ಸದ್ದನ್ನೇ. 'ಅಲೆಗಳ ಸಂಗೀತಕ್ಕೆ ಕಣ್ಣು ತೆರೆಯಿರಿ.' ನಾನು ಫೋನು ಮಾಡಿ, ನಿಮ್ಮಲ್ಲಿ ಅಲೆಯ ಸದ್ದು ಕೇಳುತ್ತದೆಯೇ ಎಂದರೆ, ಎಲ್ಲ ಕೋಣೆಗೂ ಕೇಳುತ್ತದೆ ಸರ್ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಫುಕೆಟ್ಟಿನಲ್ಲಿ ನಮ್ಮದೇ ಮಳೆ. ಮಾಲ್ಡೀವ್ಸಿನ ದ್ವೀಪಕ್ಕೆ ದೋಣಿ ಹತ್ತಲೇಬೇಕು. ಆಕೆಯನ್ನು ದೋಣಿ ಹತ್ತಿಸುವ ಮಾತೇ ಇಲ್ಲ. ಬಾಲಿಯ ಒಂದು ಹೋಟೆಲಿನ ಹುಡುಗಿ ನಾನು ದೂರು ಕೊಡುತ್ತಿದ್ದೇನೆಂದು ತಿಳಿದು, ಕಿವಿಗೆ ಹತ್ತಿ ಕೊಡುತ್ತೇವೆ ಎಂದಳು.

ಕೊನೆಗೆ ಸಿಕ್ಕಿದ್ದು ಶ್ರೀಲಂಕೆಯ ಪೂರ್ವ ತೀರದ ಒಂದು ಕೊಲ್ಲಿ. ನಮ್ಮಲ್ಲಿ ಮಳೆ ಹೊಡೆಯುವ ತಿಂಗಳುಗಳಲ್ಲಿ ಅಲ್ಲಿ ಬಿಸಿಲು. ಬಹಳ ದೂರದವರೆಗೆ ಮೊಣಕಾಲುದ್ದವೇ ನೀರು. ವಿಮಾನ ಇಳಿದರೆ ಬಸ್ಸಿನಲ್ಲೇ ಹೋಗಬಹುದು. ಹೋಟೆಲಿನವನು ತಮಿಳು ಬೆರೆತ ಇಂಗ್ಲಿಷಿನಲ್ಲಿ ಬಹಳ ಸಂಕೋಚದಿಂದ, ಕ್ಷಮಿಸಬೇಕು ಸರ್, ಇಲ್ಲಿ ಈಗ ಅಲೆಯೇ ಇರುವುದಿಲ್ಲ ಎಂದ. ಅಷ್ಟು ಸಂತೋಷದಿಂದ ನಾನು ಯಾರನ್ನೂ ಕ್ಷಮಿಸಿಲ್ಲ.

ಉಳಿದವರನ್ನು ಒಪ್ಪಿಸಬೇಕಿತ್ತು. "ಅಲಿ ಇಲ್ದಿರೆ ಅದ್ ಕಡ್ಲಾ ಕೆರಿಯಾ?" ಎಂದರು ಗಂಗೊಳ್ಳಿಯವರು.

"ಕೆರಿಯೇ ಆಯ್ಲಿ," ಎಂದರು ಬಲೆ ಅಂಗಡಿಯವರು, ತಲೆಯೆತ್ತದೆ. "ನೀ ಮುಳ್ಗಿರೆ ಹೆಕ್ಕುಕೆ ಸುಲಭ."

ಹಿರಿಯರ ಮಾತಿಗೆ ಎಲ್ಲರೂ ಹೂಂಗುಟ್ಟಿದರು. ಮ್ಯಾನೇಜರಿಗೂ ಒಪ್ಪಿಗೆಯಾಯಿತು. ಟಿಕೆಟು ಕಾಯ್ದಿರಿಸಿದೆ. ಎಲ್ಲ ಸರಿಯಾಯಿತು ಎನ್ನುವಾಗಲೇ ನನಗೆ ಇನ್ನೇನೋ ಕೆಡುತ್ತದೆ ಎನ್ನಿಸುವುದು. ಅದು ಸುಳ್ಳಾಗಲಿಲ್ಲ. ಹೊರಡುವ ವಾರ ಬಲೆ ಅಂಗಡಿಯವರು ಬಂದರು. ಮೆಟ್ಟಿಲ ನಡುವೆ ಹೆಚ್ಚು ಹೊತ್ತು ನಿಂತರು.

ಅವರ ಮನೆದೈವದ ಗುಡಿಯಲ್ಲಿ ಪ್ರಸಾದ ಕೇಳಿದ್ದರಂತೆ. ಮೂರ್ತಿಗೆ ಅಂಟಿಸಿದ ಹೂವಿನ ಎಸಳು ಬಲಕ್ಕೆ ಬಿದ್ದರೆ ಹೋಗಬಹುದು, ಎಡಕ್ಕೆ ಬಿದ್ದರೆ ಬೇಡ. ನಮ್ಮಲ್ಲಿ ಮದುವೆಗೂ ಕೇಳುತ್ತಾರೆ, ಹೊಸ ದೋಣಿಗೂ ಕೇಳುತ್ತಾರೆ.

"ಎಡಕ್ಕಾ?" ಎಂದೆ. ನನ್ನ ಬಾಯಿಗೆ ಮೊದಲು ಬರುವುದೇ ಎಡ.

"ಬೀಳ್ಲೇ ಇಲ್ಲೆ ಮರಾಯ್ರೆ. ಪೂಜೆಯೋರ್ ಕಾದ್ರ್, ನಾನೂ ಕಾದೆ. ಎಡಕ್ಕೂ ಇಲ್ಲೆ, ಬಲಕ್ಕೂ ಇಲ್ಲೆ."

"ಹಂಗಂದ್ರೆ ಎಂತ?"

"ನಾನೂ ಪೂಜೆಯೋರ್ ಹತ್ರ ಅದನ್ನೇ ಕೇಂಡೆ. ಅವ್ರ್ ದೀಪಕ್ಕೆ ಎಣ್ಣಿ ಹಾಕುಕೆ ಹೋದ್ರ್."

ಬಿಟ್ಟುಬಿಡೋಣವೇ ಎಂದೆ. ಅವರು ತಲೆಯಾಡಿಸಿದರು. ದೈವ ಬೇಡ ಎಂದು ಹೇಳಲಿಲ್ಲವಲ್ಲ, ಹೋಗುವುದೇ. ಆದರೆ ಯಾರಿಗೂ ಹೇಳಬಾರದು, ಮುಖ್ಯವಾಗಿ ಮನೆಯವಳಿಗೆ. ಹೀಗೆ ಅವರು ಆ ಬೀಳದ ಹೂವನ್ನು ನನ್ನ ತಲೆಯ ಮೇಲಿಟ್ಟು ಹೋದರು. ಊಟ ಮಾಡುವಾಗ, ಸ್ನಾನ ಮಾಡುವಾಗ, ಈಗ ಬಿದ್ದೀತೇ, ಯಾವ ಬದಿಗೆ ಬಿದ್ದೀತು ಎಂದು ಕಾಯುತ್ತಿದ್ದೆ.

ಹೊರಟ ದಿನ ಜಡಿಮಳೆ. ಬಲೆ ಅಂಗಡಿಯವರು ಹುರಿಯ ಉಂಡೆ ಹಿಡಿದುಕೊಂಡು ಬಂದು ಎಲ್ಲರ ಪೆಟ್ಟಿಗೆಗಳ ಹಿಡಿಕೆಗೂ ಗಂಟು ಹಾಕಿದರು. ವಿಮಾನ ನಿಲ್ದಾಣದಲ್ಲಿ ನಮ್ಮದು ಯಾವುದೆಂದು ಗೊತ್ತಾಗಬೇಕಂತೆ. ಕುಂಭಾಶಿಯಲ್ಲಿ ಬಸ್ಸು ನಿಲ್ಲಿಸಿ ಆನೆಗುಡ್ಡೆಯ ಗಣಪತಿಗೆ ಕಾಯಿ ಒಡೆಸಿದೆವು. ಕಾಯಿ ಚೆನ್ನಾಗಿಯೇ ಒಡೆಯಿತು. ಅದೂ ನನಗೆ ಸರಿ ಕಾಣಲಿಲ್ಲ.

ಬಲೆ ಅಂಗಡಿಯವರ ಹೆಂಡತಿಯನ್ನು ನಾನು ಮೊದಲು ಸರಿಯಾಗಿ ಕಂಡದ್ದು ಅಲ್ಲಿ, ದೇವಸ್ಥಾನದ ಚಪ್ಪರದ ಅಡಿಯಲ್ಲಿ. ಸಣಕಲು ಮೈ, ಎಣ್ಣೆ ಹಚ್ಚಿ ಬಾಚಿದ ಬಿಳಿ ತಲೆ. ದಿಟ್ಟಿಸಿ ನೋಡುವ ಕಣ್ಣು. ನನ್ನನ್ನು ಬದಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು.

"ಅಣ್ಣ, ಅಲ್ಲ್ ಈಗ ದೋಣಿ ಕಡ್ಲಿಗಿಳೀತ್ವಾ?"

"ದಿನಾ ಇಳೀತ್ವ್ ಅಕ್ಕ. ಅಲ್ಲ್ ಕಡ್ಲ್ ತಣ್ಣಗಿತ್ತ್. ಏನೂ ಹೆದ್ರುಕಾಗ," ಎಂದೆ, ಧೈರ್ಯ ತುಂಬುವವನಂತೆ. ಜೀವಮಾನದಲ್ಲಿ ನಾನು ಇನ್ನೊಬ್ಬರಿಗೆ ಧೈರ್ಯ ಹೇಳಿದ್ದು ಅದೊಂದೇ ಸಲ ಇರಬೇಕು. ಅವರು ಸೆರಗು ಹೊದ್ದುಕೊಂಡು ಬಸ್ಸು ಹತ್ತಿದರು.

ಆ ಕೊಲ್ಲಿಯನ್ನು ನಾನು ಮರೆಯುವಂತಿಲ್ಲ. ಹೋಟೆಲಿನ ತೋಟ ದಾಟಿ ಮರಳಿಗೆ ಕಾಲಿಟ್ಟರೆ ಎದುರಿಗೆ ಕಡಲು ಹಾಸಿ ಇಟ್ಟಂತೆ ಬಿದ್ದಿತ್ತು. ಅಲೆಯಿಲ್ಲ, ನೊರೆಯಿಲ್ಲ. ದಡಕ್ಕೆ ಬಂದ ನೀರು ಒಮ್ಮೆ ಮರಳನ್ನು ನೆಕ್ಕಿ ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತಿತ್ತು. ಮಂಗಳೂರಿನಿಂದ ಗಲಾಟೆ ಮಾಡಿಕೊಂಡು ಬಂದಿದ್ದ ನಮ್ಮವರೆಲ್ಲ, ಯಾರೂ ಹೇಳದೆ, ದನಿ ತಗ್ಗಿಸಿದರು. ಹುಟ್ಟಿದಂದಿನಿಂದ ಕಡಲಿನ ಜೊತೆ ಕೂಗಿ ಮಾತಾಡಿದವರು. ಎದುರಿನದ್ದು ಈಗ ಉತ್ತರ ಕೊಡುತ್ತಿರಲಿಲ್ಲ.

"ಹ್ವಾಯ್," ಎಂದರು ಗಂಗೊಳ್ಳಿಯವರು ನನ್ನ ಕಿವಿಯ ಹತ್ತಿರ, "ಇದ್ ಬದ್ಕಿತ್ತಾ?"

ಸಂಜೆ ಎಲ್ಲರೂ ಮರಳಲ್ಲಿ ಕುರ್ಚಿ ಹಾಕಿ ಕೂತರು. ಬಲೆ ಅಂಗಡಿಯವರು ಹೆಂಡತಿಯನ್ನು ಕೈಹಿಡಿದು ಕರೆತಂದು ನೀರಿಗೆ ಎದುರಾಗಿ ಕೂರಿಸಿದರು. ತಾವು ಪಕ್ಕದಲ್ಲಿ ಕೂತು, ಕಡಲನ್ನು ನೋಡದೆ ಆಕೆಯ ಮುಖವನ್ನೇ ನೋಡುತ್ತಿದ್ದರು. ನಾನೂ ದೂರದಿಂದ ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಆಚೆ ದಡದಿಂದ ಮೀನಿನ ದೋಣಿಗಳು ಹೊರಟವು. ಒಂದರ ಹಿಂದೆ ಒಂದು, ಕನ್ನಡಿಯ ಮೇಲೆ ಇರುವೆ ಹೋದ ಹಾಗೆ. ಆಕೆ ತುಟಿ ಅಲುಗಿಸುತ್ತಿದ್ದರು. ಪ್ರಾರ್ಥನೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ದೋಣಿಗಳನ್ನು ಎಣಿಸುತ್ತಿದ್ದರು. ಕತ್ತಲಾದರೂ ಏಳಲಿಲ್ಲ. ನಗಲೂ ಇಲ್ಲ. ಬಲೆ ಅಂಗಡಿಯವರು ನನ್ನ ಕಡೆ ತಿರುಗಿ ನೋಡಿದರು. ಅಂಗಡಿಗೆ ತಂದ ಹೊಸ ಬಲೆ ಬಿಚ್ಚಿದಾಗ ಉದ್ದಕ್ಕೂ ಹರಿದಿರುವುದನ್ನು ಕಂಡವರ ಮುಖ ಅದು.

ನನಗೆ ಆ ಬೀಳದ ಹೂವು ನೆನಪಾಯಿತು.

ಬೆಳಗ್ಗೆ ಚಾ ಕುಡಿಯುತ್ತಿದ್ದಾಗ ಹೋಟೆಲಿನ ಮ್ಯಾನೇಜರು ಅವಸರದಲ್ಲಿ ಬಂದ. ನಿಮ್ಮವರ ಒಂದು ಕೋಣೆಯಿಂದ ನೀರು ಹರಿದು ಹೊರಗೆ ಬರುತ್ತಿದೆ, ಬಾಗಿಲು ಬಡಿದರೆ ತೆಗೆಯುತ್ತಿಲ್ಲ ಎಂದ. ಯಾವ ಕೋಣೆ ಎಂದು ಕೇಳಬೇಕಾಗಿರಲಿಲ್ಲ. ನಾನು ಓಡಿದೆ. ಚಾದ ಲೋಟ ಕೈಯಲ್ಲೇ ಇತ್ತು. ಓಡುತ್ತ ಬಲೆ ಅಂಗಡಿಯವರ ಮಗಳಿಗೆ ಫೋನಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ, ಹೆಣ ಸಾಗಿಸಲು ಬೇಕಾಗುವ ಕಾಗದಗಳನ್ನೂ ನೆನೆಸಿಕೊಂಡೆ. ಬಾಗಿಲ ಹೊರಗಿನ ಹಾಸುಗಂಬಳಿ ಕಾಲಿಟ್ಟರೆ ಪಚಕ್ಕೆನ್ನುತ್ತಿತ್ತು. ಒಳಗಿನಿಂದ ಜೋರಾಗಿ ಒಂದೇ ಸಮನೆ ನೀರಿನ ಸದ್ದು. ಎರಡೂ ಮುಷ್ಟಿಯಿಂದ ಬಡಿದೆ.

ಬಾಗಿಲು ತೆರೆಯಿತು. ಬಲೆ ಅಂಗಡಿಯವರು ಲುಂಗಿ ಎತ್ತಿ ಕಟ್ಟಿಕೊಂಡು, ನಿದ್ದೆ ಕಣ್ಣಲ್ಲಿ, ಹಿಮ್ಮಡಿ ಮುಳುಗುವ ನೀರಿನಲ್ಲಿ ನಿಂತಿದ್ದರು.

"ಎಂತ ಆಯ್ತ್?" ಎಂದೆ.

"ಎಂತ ಆಯ್ಲಿಲ್ಲೆ ಮರಾಯ್ರೆ. ನಿದ್ರಿ ಬಂತ್."

ಬಚ್ಚಲಿನ ನಲ್ಲಿಗಳನ್ನೆಲ್ಲ ತೆರೆದಿಟ್ಟಿದ್ದರಂತೆ. ನೀರು ಹೋಗುವ ತೂತಿಗೆ ಟವೆಲು ಸಿಕ್ಕಿಕೊಂಡದ್ದು ಗೊತ್ತಾಗಲಿಲ್ಲ. ಯಾಕೆ ತೆರೆದದ್ದು ಎಂದು ಕೇಳಿದ್ದಕ್ಕೆ ಹಣೆ ಉಜ್ಜಿಕೊಂಡರು.

"ನಾನ್ ಪೂರಾ ಉಲ್ಟಾ ತಿಳ್ಕಂಡಿದ್ದೆ. ಇವ್ಳಿಗ್ ಕಡ್ಲ್ ಶಬ್ದ ಮಾಡ್ರೇ ನಿದ್ರಿ ಬಪ್ಪುದಂಬ್ರ್!"

ಒಳಗೆ ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ಆಕೆ ಹೇಳಿದರು: "ಶಬ್ದ ಇಪ್ಪ ದಿನ ಯಾರೂ ಇಳೂದಿಲ್ಲೆ ಅಲ್ದಾ ಅಣ್ಣ? ಗಂಡ್ಸ್ರೆಲ್ಲ ಮನಿಯಂಗೇ ಇರ್ತ್ರ್. ನನ್ ತಮ್ಮ ಹೋದ್ದ್ ಕಡ್ಲ್ ಸುಮ್ನಾದ್ ದಿನ. ಜೋರ್ ಮಳಿ ನಡುವೆ ಎರಡ್ ದಿನ ತಣ್ಣಗಾಯ್ತ್, ಇಳ್ದ... ಸುಮ್ನಿಪ್ಪ ಕಡ್ಲ್ ನಂಬುಕಾಗ."

"ಇಷ್ಟ್ ವರ್ಷ ಆಯ್ತ್," ಎಂದರು ಬಲೆ ಅಂಗಡಿಯವರು ನನ್ನ ಕಡೆ ತಿರುಗಿ, "ಒಂದ್ ದಿನ ಹೇಳ್ಲಿಲ್ಲೆ ಕಾಣಿ ಇವ್ಳ್."

"ನೀವ್ ಒಂದ್ ದಿನ ಕೇಂಡ್ರಿಯಾ?"

ಅವರು ಲುಂಗಿ ಹಿಡಿದುಕೊಂಡು ನೀರಿನ ನಡುವೆ ನಿಂತಿದ್ದರು. ಅವರ ಚಪ್ಪಲಿಯೊಂದು ತೇಲಿಕೊಂಡು ಬಂದು ಬಾಗಿಲು ದಾಟಿ ಹೊರಗೆ ಹೊರಟಿತು. ಆಕೆ ಅದನ್ನು ನೋಡಿ ನಗತೊಡಗಿದರು. ಸೆರಗು ಬಾಯಿಗೆ ಹಿಡಿದರೂ ನಿಲ್ಲಲಿಲ್ಲ. ಬಲೆ ಅಂಗಡಿಯವರು ಚಪ್ಪಲಿಯನ್ನು ಹಿಡಿಯಲು ಹೋಗಲಿಲ್ಲ. ಆಕೆಯನ್ನೇ ನೋಡುತ್ತ ನಿಂತಿದ್ದರು.

ಉಳಿದ ದಿನಗಳಿಗೆ ಅವರಿಗೆ ಹಿಂಬದಿಯ, ಜನರೇಟರಿನ ಪಕ್ಕದ ಕೋಣೆ ಕೊಡಿಸಿದೆ. ಯಾರೂ ಬೇಡವೆನ್ನುವ, ಗೋಡೆಯೇ ಗಡಗಡ ನಡುಗುವ ಕೋಣೆ. ಆಕೆ ಚೆನ್ನಾಗಿ ನಿದ್ದೆ ಮಾಡಿದರಂತೆ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಗ್ರಾಹಕರು ಅಷ್ಟು ಮೆಚ್ಚಿದ ಕೋಣೆ ಇನ್ನೊಂದಿಲ್ಲ.

ವಿಮಾನ ಬೀಳಲಿಲ್ಲ. ಎಲ್ಲರೂ ಬಂದೆವು, ಎಲ್ಲರ ಪೆಟ್ಟಿಗೆಗಳೂ ಹಸಿರು ಗಂಟಿನೊಡನೆ ಬಂದವು. ಬಲೆ ಅಂಗಡಿಯವರು ಆಮೇಲೆ ಒಮ್ಮೆ ಆಫೀಸಿಗೆ ಬಂದಿದ್ದರು. ಮೆಟ್ಟಿಲ ನಡುವೆ ನಿಂತದ್ದು ಕೇಳಿಸಿತು... ಹತ್ತಿ ಬಂದವರು ಯಾವ ಕೆಲಸವನ್ನೂ ಹೇಳಲಿಲ್ಲ. ಚಾ ಕುಡಿದು, "ನೆಗಾಡ್ದಳ್ ಅಲ್ದಾ?" ಎಂದು ನನ್ನನ್ನೇ ಸಾಕ್ಷಿ ಕೇಳಿ ಹೋದರು.

ಅವರು ತೀರಿಹೋದದ್ದು ದೀಪಾವಳಿ ಕಳೆದ ಮೇಲೆ. ದೋಣಿಗಳೆಲ್ಲ ಕಡಲಿನಲ್ಲಿದ್ದವು, ಗಾಳಿ ಇರಲಿಲ್ಲ, ನಮ್ಮ ಕಡಲೂ ಆ ಲಂಕೆಯ ಕೊಲ್ಲಿಯ ಹಾಗೆ ಮಲಗಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಬಲೆಯ ರಾಶಿಗೆ ಒರಗಿ ಕೂತಿದ್ದವರು ಒರಗಿಯೇ ಇದ್ದರು. ಸುದ್ದಿ ಕೇಳಿದಾಗ ನನಗೆ ಮೊದಲು ಅನ್ನಿಸಿದ್ದು, ಹೂವು ಈಗ ಬಿತ್ತು ಎಂದು. ಯಾವ ಬದಿಗೆ ಎಂದು ಇವತ್ತಿಗೂ ಗೊತ್ತಿಲ್ಲ.

ಈಗ ಇನ್ನೊಂದು ಕಂಪನಿಯವರು ಫೋನು ಮಾಡುತ್ತಿದ್ದಾರೆ; ಟ್ರಾಪಿಕಲ್ ಜಾಗ ಬೇಕಂತೆ. ಅದಕ್ಕೇ ಸೂಟ್‌ಕೇಸ್ ಇಳಿಸಿದ್ದು. ಹುರಿಯ ಗಂಟನ್ನು ಬಿಚ್ಚಲು ನೋಡಿದೆ, ಬಿಚ್ಚಲಾಗಲಿಲ್ಲ. ಕತ್ತರಿಸಲು ಮನಸ್ಸಾಗಲಿಲ್ಲ. ನಿನ್ನೆ ಬೈಂದೂರಿನ ಕಡೆ ಕೆಲಸವಿತ್ತು, ಯಡ್ತರೆಗೆ ಹೋಗಿ ಬಂದೆ. ಮಳೆಗೆ ಇನ್ನೂ ದಿನವಿದೆ. ಎಲೆ ಅಲುಗದ ಸೆಕೆ. ಅಂಗಳದಲ್ಲಿ ನಿಂತು ಕಿವಿಗೊಟ್ಟರೂ ಕಡಲು ಇದೆಯೋ ಇಲ್ಲವೋ ಎನ್ನುವಂತಿತ್ತು.

ಆಕೆ ಬೆಲ್ಲ, ನೀರು ತಂದಿಟ್ಟು ಎದುರಿಗೆ ಕೂತರು. ಮಗಳು ಜೊತೆಯಲ್ಲೇ ಇದ್ದಾಳೆ, ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಾನೆ ಎಂದರು. ಗಂಡನ ಮಾತು ಎತ್ತಲಿಲ್ಲ. ಒಳಗೆ ಬಚ್ಚಲಿನಲ್ಲಿ ನೀರು ಬೀಳುತ್ತಿತ್ತು, ಒಂದೇ ಸಮನೆ, ಜೋರಾಗಿ. ಬಕೆಟು ತುಂಬಿ ಚೆಲ್ಲುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಟ್ಯಾಂಕು ಖಾಲಿಯಾಗುತ್ತದೆ, ಪಂಪು ಸುಟ್ಟುಹೋಗುತ್ತದೆ, ನೆಲ ಜಾರಿ ಯಾರಾದರೂ ಬೀಳುತ್ತಾರೆ... ಅಭ್ಯಾಸಬಲದಿಂದ ನಾನು ಅರ್ಧ ಎದ್ದೆ.

"ಇರ್ಲಿ ಅಣ್ಣ," ಎಂದರು ಆಕೆ.

ನಾನು ಕೂತೆ. ನಲ್ಲಿ ಹರಿಯುತ್ತಲೇ ಇತ್ತು.